ಶೇಂಗಾ, ತೊಗರಿ, ಸಾಸಿವೆ: ಇಂಗ್ಲಿಷಿನ ಜೋಡಿ ಗುಣವಾಚಕಗಳನ್ನು ಬಿಡಿಸುವ, ಒತ್ತಿ ನುಡಿಯುವ ಸಮಗ್ರ ಮಾರ್ಗದರ್ಶಿ

ಒಂದು ಏಪ್ರಿಲ್ ಮಧ್ಯಾಹ್ನ, ಕಲಬುರಗಿಯ ಕೋಟೆಗೆ ಹೋಗುವ ದಾರಿ ಯಾವುದೆಂದು ಹೊರದೇಶದ ದಂಪತಿ ನನ್ನನ್ನು ಕೇಳಿದರು. ಹದಿನೈದು ನಿಮಿಷದ ನಡಿಗೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದೆ: ಫಿಫ್ಟೀನ್-ಮಿನಿಟ್ ವಾಕ್. ಅವರು ಬಿಸಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಆಟೋ ಹತ್ತಿಬಿಟ್ಟರು. ಅವರ ಕಿವಿಗೆ ಬಿದ್ದದ್ದು ಫಿಫ್ಟಿ, ಅಂದರೆ ಐವತ್ತು. ಇಂಗ್ಲಿಷ್ ಕಲಿಸುವುದೇ ನನ್ನ ಕಸುಬು. ಹಾಗಾಗಿ ಆ ಆಟೋದ ಬಾಡಿಗೆ ಇಂದಿಗೂ ನನ್ನ ಲೆಕ್ಕದಲ್ಲಿದೆ.

ವ್ಯಾಕರಣ ತಪ್ಪಿರಲಿಲ್ಲ, ಪದವೂ ತಪ್ಪಿರಲಿಲ್ಲ. ತಪ್ಪಿದ್ದು ಉಚ್ಚಾರಾಂಶಗಳ, ಅಂದರೆ ಸಿಲಬಲ್‌ಗಳ, ಅಳತೆ. ಆಳಂದ, ಸೇಡಂ, ಜೇವರ್ಗಿ ಕಡೆಯಿಂದ ಸಂಜೆಯ ತರಗತಿಗೆ ಬರುವ ನನ್ನ ವಿದ್ಯಾರ್ಥಿಗಳೂ ಎಡವುವುದು ಹೆಚ್ಚಾಗಿ ಇಲ್ಲಿಯೇ. ಸಂದರ್ಶನಕ್ಕೆ ಹೊರಟವರು 'ಹಾರ್ಡ್-ವರ್ಕಿಂಗ್', 'ವೆಲ್-ಎಜುಕೇಟೆಡ್', 'ಗುಡ್-ನೇಚರ್ಡ್' ಎಂದು ತಮ್ಮನ್ನು ತಾವೇ ಬಣ್ಣಿಸಿಕೊಳ್ಳಬೇಕಾಗುತ್ತದೆ. ಎಲ್ಲ ಅಕ್ಷರಗಳನ್ನೂ ಒಂದೇ ತೂಕದಲ್ಲಿ ನುಡಿಯುತ್ತಾರೆ. ಎದುರಿಗಿದ್ದವರು ಮುಂದಕ್ಕೆ ಬಾಗಿ 'ಏನಂದಿರಿ?' ಎನ್ನುತ್ತಾರೆ. ಎರಡು ಪದ ಕೂಡಿ ಒಂದೇ ವಿಶೇಷಣವಾದ ಇಂಥ ಮಾತುಗಳಿಗೆ ಸಂಯುಕ್ತ ಗುಣವಾಚಕ ಎಂದು ಹೆಸರು. ನಾನು ಜೋಡಿಪದ ಎಂದಷ್ಟೇ ಕರೆಯುತ್ತೇನೆ.

ಇವುಗಳ ಒತ್ತಿಗೆ, ಅಂದರೆ ಯಾವ ಉಚ್ಚಾರಾಂಶವನ್ನು ಒತ್ತಿ ನುಡಿಯಬೇಕು ಎಂಬುದಕ್ಕೆ, ನಿಯಮವೇ ಇಲ್ಲ, ನಿಘಂಟನ್ನು ಬಾಯಿಪಾಠ ಮಾಡುವುದೊಂದೇ ದಾರಿ ಎಂದು ನನಗೆ ಕಲಿಸಿದವರು ಹೇಳಿದ್ದರು. ಅದನ್ನು ಈಗ ನಾನು ಒಪ್ಪುವುದಿಲ್ಲ. ಎಂಟನೆಯ ತರಗತಿಯಲ್ಲಿ ಸಮಾಸ ಓದಿದ ಕನ್ನಡಿಗರ ಕೈಯಲ್ಲಿ ಮುಕ್ಕಾಲು ಕೀಲಿಕೈ ಆಗಲೇ ಇದೆ.

ಬೇಕಾಗುವ ಸಾಮಾನು

ಒಂದು ತಟ್ಟೆ, ಒಂದು ಹಿಡಿ ಶೇಂಗಾ, ಒಂದು ಹಿಡಿ ತೊಗರಿ ಕಾಳು, ಸ್ವಲ್ಪ ಸಾಸಿವೆ. ತಮಾಷೆ ಮಾಡುತ್ತಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ; ಭಾಷಾಶಾಸ್ತ್ರಕ್ಕೂ ಅದು ಒದಗಿಬರುತ್ತದೆ ಎಂಬುದು ಮಾತ್ರ ಅರ್ಜಿಯಲ್ಲಿ ಇದ್ದಿರಲಾರದು.

ಒಂದು ಉಚ್ಚಾರಾಂಶಕ್ಕೆ ಒಂದು ಕಾಳು. ಮುಖ್ಯ ಒತ್ತು ಬೀಳುವ ಕಡೆ ಶೇಂಗಾ, ಎರಡನೆಯ ದರ್ಜೆಯ ಒತ್ತಿಗೆ ತೊಗರಿ, ಒತ್ತೇ ಇಲ್ಲದ ಕಡೆ ಸಾಸಿವೆ. ಒಳ್ಳೆಯ ಇಂಗ್ಲಿಷ್ ನಿಘಂಟುಗಳು ಇದನ್ನೇ ಎರಡು ಪುಟ್ಟ ಗೆರೆಗಳಿಂದ ತೋರಿಸುತ್ತವೆ. ಮೇಲೆ ಹಾಕಿದ ಗೆರೆ ˈ ಶೇಂಗಾ, ಕೆಳಗೆ ಹಾಕಿದ ಗೆರೆ ˌ ತೊಗರಿ. ಗೆರೆ ತನ್ನ ಮುಂದಿನ ಉಚ್ಚಾರಾಂಶಕ್ಕೆ ಸೇರಿದ್ದೇ ಹೊರತು ಹಿಂದಿನದಕ್ಕಲ್ಲ. ಇದನ್ನು ತಿರುವುಮುರುವಾಗಿ ಓದಿ ವರ್ಷಗಟ್ಟಲೆ ತಪ್ಪು ಅಭ್ಯಾಸ ಮಾಡಿದವರನ್ನು ಕಂಡಿದ್ದೇನೆ. ಈ ಬರಹದಲ್ಲಿ ಉಚ್ಚಾರಾಂಶಗಳ ನಡುವೆ · ಚುಕ್ಕೆಯನ್ನೂ, ಎರಡು ಪದಗಳ ಬೆಸುಗೆಯಲ್ಲಿ - ಅಡ್ಡಗೆರೆಯನ್ನೂ ಹಾಕಿದ್ದೇನೆ.

'ಒತ್ತು' ಎಂಬ ಪದದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಒತ್ತು ಎಂದರೆ ಅಕ್ಷರದ ಅಡಿಗೆ ಬರೆಯುವ ಇನ್ನೊಂದು ವ್ಯಂಜನ. ಇಲ್ಲಿ ಹೇಳುತ್ತಿರುವುದು ಅದನ್ನಲ್ಲ, ದನಿಯ ಒತ್ತನ್ನು. ಆ ಒತ್ತು ಬರೀ ಗಟ್ಟಿಯಾಗಿ ಕೂಗುವುದೂ ಅಲ್ಲ. ಒತ್ತು ಬಿದ್ದ ಉಚ್ಚಾರಾಂಶ ತುಸು ಉದ್ದವಾಗುತ್ತದೆ, ಅಲ್ಲಿ ದನಿಯ ಮಟ್ಟ ಏರುತ್ತದೆ ಅಥವಾ ತಿರುಗುತ್ತದೆ, ಸ್ವರ ಪೂರ್ತಿಯಾಗಿ ಅರಳುತ್ತದೆ. ಸಾಸಿವೆ ಬಿದ್ದ ಕಡೆ ಸ್ವರ ಬಾಡಿ, ಒಂದು ಮಂಕಾದ ಅಕಾರವೋ ಇಕಾರವೋ ಆಗಿಬಿಡುತ್ತದೆ. ನಾವು ಎಲ್ಲ ಸ್ವರಗಳಿಗೂ ಸಮಪಾಲು ಬಡಿಸುವ ಜನ. ಇಂಗ್ಲಿಷು ಪಂಕ್ತಿಭೇದ ಮಾಡುವ ಭಾಷೆ.

ಹೆಜ್ಜೆ 1: ಕಣ್ಣಿನಿಂದಲ್ಲ, ಕಿವಿಯಿಂದ ಎಣಿಸಿ

ಉಚ್ಚಾರಾಂಶದ ಜೀವ ಸ್ವರ. ಎಷ್ಟು ಸ್ವರ ಕೇಳಿಸುತ್ತದೋ ಅಷ್ಟು ಕಾಳು. ಬರಹದಲ್ಲಿ ಎಷ್ಟು ಸ್ವರಾಕ್ಷರಗಳಿವೆ ಎಂಬುದು ಲೆಕ್ಕಕ್ಕಿಲ್ಲ. 'ಹೋಮ್-ಮೇಡ್' ಎಂಬುದರ ಇಂಗ್ಲಿಷ್ ಕಾಗುಣಿತದಲ್ಲಿ ನಾಲ್ಕು ಸ್ವರಾಕ್ಷರಗಳಿದ್ದರೂ ಬಾಯಲ್ಲಿ ಇರುವುದು ಎರಡೇ.

ಇಲ್ಲಿ ನಮ್ಮ ಲಿಪಿಯೇ ನಮಗೆ ಸ್ವಲ್ಪ ಅಡ್ಡ ಬರುತ್ತದೆ. 'ಮಕ್ಕಳು' ಎಂದು ಬರೆಯುವಾಗ ಮ, ಕ್ಕ, ಳು ಎಂದು ಮೂರು ಅಕ್ಷರ. ನುಡಿಯುವಾಗ ಒಡೆಯುವುದು ಮಕ್·ಕ·ಳು ಎಂದು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದ್ದರೆ, ಉಚ್ಚಾರಾಂಶವನ್ನು ಒಡೆಯುವ ವಿದ್ಯೆ ನಿಮಗೆ ಹೊಸದಲ್ಲ: ಆ ಅರ್ಧ ಕಕಾರ ಹಿಂದಿನ ಮಕಾರಕ್ಕೆ ಅಂಟಿಕೊಂಡದ್ದರಿಂದಲೇ ಅದು ಗುರುವಾಯಿತು. ಆದರೆ ಗುರು ಇದ್ದಲ್ಲೆಲ್ಲ ಒತ್ತು ಎಂದು ಮಾತ್ರ ತಿಳಿಯಬೇಡಿ. 'ಸಿಟಿ' ಎಂಬ ಪದದಲ್ಲಿ ಮೊದಲನೆಯದು ಅಪ್ಪಟ ಲಘು, ಆದರೂ ಶೇಂಗಾ ಅದಕ್ಕೇ. ಗುರು-ಲಘು ಎಂಬುದು ಅಳತೆ, ಒತ್ತು ಎಂಬುದು ಅಧಿಕಾರ.

ಎಣಿಕೆ ಕೆಡುವ ಜಾಗಗಳು ನಮ್ಮ ಕಡೆ ಎರಡು. ಪದದ ಕೊನೆಗೆ ಉಕಾರ ಹಚ್ಚುವುದು ಮೊದಲನೆಯದು: 'ಬ್ಯಾಗು', 'ಬುಕ್ಕು' ಎಂದ ಕೂಡಲೇ ಒಂದು ಕಾಳು ಎರಡಾಗುತ್ತದೆ. ದಖನಿ ಮನೆಮಾತಿನವರಲ್ಲಿಯೂ ಅವರ ನೆರೆಯ ನಮ್ಮಲ್ಲಿಯೂ ಕೇಳುವ 'ಇಸ್ಕೂಲ್', 'ಇಸ್ಟೇಷನ್' ಎರಡನೆಯದು. ಮೊದಲಿಗೇ ಒಂದು ಕಾಳು ಪುಕ್ಕಟೆ. ಹೀಗಾಗಿ 'ಫೈವ್-ಸ್ಟಾರ್' ಎಂಬ ಎರಡು ಕಾಳಿನ ಪದ 'ಫೈವು-ಇಸ್ಟಾರು' ಎಂದು ಐದು ಕಾಳಿಗೆ ಏರಿದ್ದನ್ನು ಕೇಳಿದ್ದೇನೆ. ದ್ವಿತ್ವ, ಅಂದರೆ ಒಂದೇ ವ್ಯಂಜನ ಇಮ್ಮಡಿಯಾಗುವುದು, ಎಣಿಕೆಯನ್ನಲ್ಲ, ಅಳತೆಯನ್ನು ಕೆಡಿಸುತ್ತದೆ; ಅದನ್ನು ಮುಂದಿನ ಹೆಜ್ಜೆಯಲ್ಲಿ ನೋಡೋಣ.

ಹೆಜ್ಜೆ 2: ಮೊದಲ ಏಟು ಬೆಸುಗೆಯ ಮೇಲೆ

ಶಹಾಬಾದ್ ಕಲ್ಲನ್ನು ಪದರ ಇರುವಲ್ಲಿಯೇ ಸೀಳುತ್ತಾರೆ, ಎಲ್ಲೆಂದರಲ್ಲಿ ಹೊಡೆಯುವುದಿಲ್ಲ. ಜೋಡಿಪದದ ಪದರ ಎರಡು ಪದಗಳು ಸೇರುವ ಬೆಸುಗೆ. ಅಲ್ಲಿ ಮೊದಲು ಸೀಳಿ, ಆಮೇಲೆ ಒಂದೊಂದು ಹೋಳನ್ನು ಉಚ್ಚಾರಾಂಶಗಳಾಗಿ ಒಡೆಯಿರಿ.

'ನ್ಯಾರೋ-ಮೈಂಡೆಡ್', ಅಂದರೆ ಸಂಕುಚಿತ ಮನಸ್ಸಿನ: ನ್ಯಾ·ರೋ-ಮೈಂ·ಡಿಡ್, ನಾಲ್ಕು ಕಾಳು. 'ಆ್ಯಬ್ಸೆಂಟ್-ಮೈಂಡೆಡ್', ಅಂದರೆ ಮೈಮರೆವಿನ: ಆ್ಯಬ್·ಸಂಟ್-ಮೈಂ·ಡಿಡ್, ಇದೂ ನಾಲ್ಕು. ಹೋಳಿನ ಒಳಗೆ ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದನ್ನು ಮುಂದಿನ ಸ್ವರಕ್ಕೆ ಕೊಡುವುದು ಅಭ್ಯಾಸಕ್ಕೆ ಸಲೀಸು. ಎರಡು ಮೂರು ವ್ಯಂಜನಗಳಿದ್ದರೆ, ಇಂಗ್ಲಿಷಿನಲ್ಲಿ ಯಾವ ಗುಂಪು ಪದದ ಆರಂಭದಲ್ಲಿ ಬರಬಲ್ಲದೋ ಅಷ್ಟನ್ನು ಮುಂದಕ್ಕೆ ತಳ್ಳಿ, ಉಳಿದದ್ದನ್ನು ಹಿಂದೆ ಬಿಡಿ. ನಿಘಂಟುಗಳು ಈ ಚುಕ್ಕೆಯ ವಿಷಯದಲ್ಲಿ ಒಂದರ ಜೊತೆ ಇನ್ನೊಂದು ಜಗಳವಾಡುತ್ತವೆ. ನೀವು ಅದರಲ್ಲಿ ಸೇರಬೇಡಿ. ಕಾಳುಗಳ ಸಂಖ್ಯೆ ಸರಿಯಿದ್ದರೆ ಸಾಕು.

ಈಗ ದ್ವಿತ್ವದ ವಿಷಯ. ಇಂಗ್ಲಿಷಿನ ಬಿಡಿಪದಗಳಲ್ಲಿ ಕಾಗುಣಿತ ಎರಡೆರಡು ವ್ಯಂಜನಗಳನ್ನು ತೋರಿಸಿದರೂ ಉಚ್ಚಾರದಲ್ಲಿ ಇರುವುದು ಒಂದೇ. ಅದು 'ಹ್ಯಾಪಿ', 'ಹ್ಯಾಪ್ಪಿ' ಅಲ್ಲ; 'ಸಮರ್', 'ಸಮ್ಮರ್' ಅಲ್ಲ. ಕತ್ತೆ-ಕತೆ, ಹಳ್ಳಿ-ಹಳಿ ಎಂದು ದ್ವಿತ್ವದ ಮೇಲೆಯೇ ಅರ್ಥ ನಿಲ್ಲಿಸುವ ನಮಗೆ ಇದು ಕಷ್ಟದ ಮಾತು. ಆದರೆ ಜೋಡಿಪದದ ಬೆಸುಗೆಯಲ್ಲಿ ಚಿತ್ರ ಬದಲಾಗುತ್ತದೆ. 'ಹೋಮ್-ಮೇಡ್', 'ವೆಲ್-ಲಿಟ್', 'ಪಾರ್ಟ್-ಟೈಮ್' ಇವುಗಳಲ್ಲಿ ಒಂದೇ ವ್ಯಂಜನ ಎರಡೂ ದಂಡೆಗಳಿಂದ ಬಂದು ಸೇರುತ್ತದೆ, ಆಗ ಅದನ್ನು ಇಮ್ಮಡಿ ಹೊತ್ತು ಹಿಡಿದೇ ಬಿಡಬೇಕು. ಹೋಮ್ಮೇಡ್, ವೆಲ್ಲಿಟ್: ನಮ್ಮ ಮಮ್ಮಲ, ಬೆಲ್ಲ ಇದ್ದ ಹಾಗೆ. ಬಿಡಿಪದದಲ್ಲಿ ತಪ್ಪಾದ ನಮ್ಮ ನಾಲಿಗೆಯ ಚಾಳಿ ಬೆಸುಗೆಯಲ್ಲಿ ಗುಣವಾಗುತ್ತದೆ. 'ಪಾರ್ಟ್, ಟೈಮ್' ಎಂದು ಎರಡು ಟಕಾರಗಳನ್ನು ಬೇರೆಬೇರೆಯಾಗಿ ಸಿಡಿಸುವುದು ಬೇಡ.

ಸ್ವರಕ್ಕೆ ಸ್ವರ ಎದುರಾದರೂ ಹೆದರಬೇಕಿಲ್ಲ. 'ಬ್ಲೂ-ಐಡ್' ಎಂಬುದನ್ನು ಓಘದಲ್ಲಿ ಹೇಳಿ ನೋಡಿ, ನಡುವೆ ಒಂದು ತೆಳು ವಕಾರ ಬರುತ್ತದೆ. 'ಥ್ರೀ-ಐಡ್' ಎಂದರೆ ಯಕಾರ. ಇಂಗ್ಲಿಷರೂ ಹೀಗೆಯೇ ನುಡಿಯುತ್ತಾರೆ. ಆಗಮಸಂಧಿ ನಮ್ಮೊಬ್ಬರ ಆಸ್ತಿಯಲ್ಲ.

ಹೆಜ್ಜೆ 3: ಬಾಲದ 'ಎಡ್'ಗೆ ಕಾಳು ಇಡಬೇಕೇ?

ಜೋಡಿ ಗುಣವಾಚಕಗಳಲ್ಲಿ ಬಹಳಷ್ಟು ಇದೇ ಬಾಲದವು. ಬರಹದಲ್ಲಿ ಎಡ್ ಇದ್ದ ಮಾತ್ರಕ್ಕೆ ಎಲ್ಲ ಕಡೆಯೂ ಎಡ್ ಎಂದು ನುಡಿಯುವುದು ನಮ್ಮ ಜಿಲ್ಲೆಯ ಸಾರ್ವತ್ರಿಕ ರೋಗ: 'ಓಲ್ಡ್ ಫ್ಯಾಷನೆಡ್', 'ಬ್ಯಾಡ್ ಟೆಂಪರೆಡ್'.

ಬಾಲದ ಹಿಂದೆ ಟ ಅಥವಾ ಡ ಸದ್ದು ಇದ್ದರೆ ಮಾತ್ರ ಅದು ಸ್ವತಂತ್ರ ಉಚ್ಚಾರಾಂಶ, ಅದಕ್ಕೊಂದು ಸಾಸಿವೆ: ಹಾರ್·ಟಿಡ್, ಮೈಂ·ಡಿಡ್, ಹ್ಯಾಂ·ಡಿಡ್, ಸೈ·ಟಿಡ್, ಬ್ಲ·ಡಿಡ್. ಬೇರೆ ಯಾವ ಸದ್ದು ಇದ್ದರೂ ಬಾಲ ಬರೀ ವ್ಯಂಜನವಾಗಿ ಹಿಂದಿನ ಉಚ್ಚಾರಾಂಶಕ್ಕೆ ಅಂಟಿಕೊಳ್ಳುತ್ತದೆ. 'ಫೇಸ್ಟ್' ಒಂದೇ ಕಾಳು, 'ಸ್ಕಿನ್ಡ್' ಒಂದೇ, 'ಐಡ್' ಒಂದೇ. 'ಫ್ಯಾಷನ್ಡ್' ಎರಡು, 'ಟೆಂಪರ್ಡ್' ಎರಡು, 'ನೇಚರ್ಡ್' ಎರಡು.

ನಿಯಮ ಮುರಿಯುವ ಹಳೆಯ ಕುಳಗಳು ಕೆಲವಿವೆ. 'ನೇಕಿಡ್', 'ವಿಕಿಡ್', 'ರಗಿಡ್' ಮುಂತಾದವು ಟ-ಡ ಇಲ್ಲದೆಯೂ ಎರಡು ಕಾಳು ಕೇಳುತ್ತವೆ. ಇವುಗಳಲ್ಲಿ 'ಏಜ್ಡ್' ಬಲು ಸ್ವಾರಸ್ಯದ್ದು. ಮುದುಕರನ್ನು ಕುರಿತು 'ಆ್ಯನ್ ಏಜಿಡ್ ಮ್ಯಾನ್' ಎಂದರೆ ಎರಡು ಕಾಳು. ಅದೇ ಪದ ನಡುವಯಸ್ಸಿನವರ ಹಿಂದೆ ಬಂದು 'ಮಿಡಲ್-ಏಜ್ಡ್' ಆದರೆ ಒಂದಕ್ಕೆ ಇಳಿಯುತ್ತದೆ, ಒಟ್ಟು ಮೂರು: ˌಮಿ·ಡಲ್-ˈಏಜ್ಡ್. 'ಥ್ರೀ-ಲೆಗ್ಡ್' ಎಂಬುದನ್ನು ಲೆಗ್ಡ್ ಎಂದರೂ ನಡೆಯುತ್ತದೆ, ಲೆ·ಗಿಡ್ ಎಂದರೂ ನಡೆಯುತ್ತದೆ.

ಹೆಜ್ಜೆ 4: ಒಂಟಿಯಾಗಿದ್ದಾಗ ಒತ್ತು ಎಲ್ಲಿತ್ತು?

ಒಂದೊಂದು ಹೋಳೂ ತಾನೊಂದೇ ಇದ್ದಾಗ ಎಲ್ಲಿ ಒತ್ತು ಪಡೆಯುತ್ತಿತ್ತು ಎಂದು ಮೊದಲೇ ಗುರುತು ಹಾಕಿಕೊಳ್ಳಿ. 'ಬಿಹೇವ್ಡ್' ಪದದಲ್ಲಿ ಒತ್ತು ಎರಡನೆಯದರ ಮೇಲೆ, ಬಿ·ˈಹೇವ್ಡ್. 'ವೆಲ್-ಬಿಹೇವ್ಡ್' ಆದಾಗಲೂ ಅದು ಅಲ್ಲೇ ಉಳಿಯುತ್ತದೆ: ˌವೆಲ್-ಬಿ·ˈಹೇವ್ಡ್. ಜೋಡಿಯಾದ ಮೇಲೆ ಯಾವ ಹೋಳಿಗೆ ಶೇಂಗಾ ಎಂಬುದಷ್ಟೇ ತೀರ್ಮಾನವಾಗಬೇಕು. ಹೋಳಿನೊಳಗಿನ ಜಾಗ ಕದಲುವುದಿಲ್ಲ.

ಹೆಜ್ಜೆ 5: ವಿಗ್ರಹವಾಕ್ಯ ಮಾಡಿ

ಇಡೀ ವಿದ್ಯೆಯ ತಿರುಳು ಇಲ್ಲಿದೆ, ನಿಧಾನವಾಗಿ ಓದಿ. ಜೋಡಿಪದವನ್ನು ಕನ್ನಡದ ಸಮಾಸವೆಂದೇ ತಿಳಿದು ಬಿಡಿಸಿ. ಪೂರ್ವಪದ ಮತ್ತು ಉತ್ತರಪದದ ನಡುವೆ ಎಂಥ ಸಂಬಂಧವಿದೆ?

ಮೊದಲು ಬಹುವ್ರೀಹಿ. ಮೂರು ಕಣ್ಣು ಉಳ್ಳವನು ಯಾವನೋ ಅವನು ಮುಕ್ಕಣ್ಣ. ನೀಲಿ ಕಣ್ಣು ಉಳ್ಳವರು ಬ್ಲೂ-ಐಡ್, ಎಡಗೈ ಬಳಸುವವರು ಲೆಫ್ಟ್-ಹ್ಯಾಂಡೆಡ್, ಒಳ್ಳೆಯ ಮನಸ್ಸುಳ್ಳವರು ಕೈಂಡ್-ಹಾರ್ಟೆಡ್. 'ಉಳ್ಳ' ಎಂದು ಬಿಡಿಸಬಹುದಾದ ಇಂಥ ಪದಗಳಲ್ಲಿ ಶೇಂಗಾ ಉತ್ತರಪದಕ್ಕೆ, ತೊಗರಿ ಪೂರ್ವಪದಕ್ಕೆ: ˌಬ್ಲೂ-ˈಐಡ್, ˌಲೆಫ್ಟ್-ˈಹ್ಯಾಂ·ಡಿಡ್, ˌಕೈಂಡ್-ˈಹಾರ್·ಟಿಡ್, ˌಓಲ್ಡ್-ˈಫ್ಯಾ·ಷನ್ಡ್, ˌಬ್ಯಾಡ್-ˈಟೆಂ·ಪರ್ಡ್, ˌಕೋಲ್ಡ್-ˈಬ್ಲ·ಡಿಡ್. ಈ ಗುಂಪು ಬಹಳ ಪ್ರಾಮಾಣಿಕವಾದದ್ದು, ಕೈಕೊಡುವುದು ಅಪರೂಪ.

ಎರಡನೆಯದು ಕರ್ಮಧಾರಯದ ಬಗೆಯದು. ಪೂರ್ವಪದ ಉತ್ತರಪದವನ್ನು ಬಣ್ಣಿಸುತ್ತದೆ ಅಥವಾ ಹೇಗೆ, ಎಷ್ಟು ಎಂದು ಹೇಳುತ್ತದೆ. ಚೆನ್ನಾಗಿ ತಿಳಿದ, ˌವೆಲ್-ˈನೋನ್. ಕಷ್ಟಪಟ್ಟು ದುಡಿಯುವ, ˌಹಾರ್ಡ್-ˈವರ್·ಕಿಂಗ್. ನೋಡಲು ಲಕ್ಷಣವಾದ, ˌಗುಡ್-ˈಲು·ಕಿಂಗ್. ಮೊದಲ ದರ್ಜೆಯ, ˌಫಸ್ಟ್-ˈಕ್ಲಾಸ್. ಇಲ್ಲಿಯೂ ಶೇಂಗಾ ಉತ್ತರಪದಕ್ಕೆ. ಇದರದೇ ಒಂದು ಸುಂದರ ಕವಲು ಉಪಮಾನದ್ದು. ಗಿಳಿಯಂತೆ ಹಸಿರು ಗಿಳಿಹಸಿರು ಆದ ಹಾಗೆ, ಹಿಮದಂತೆ ಬಿಳಿ 'ಸ್ನೋ-ವೈಟ್', ಆಕಾಶದಂತೆ ನೀಲಿ 'ಸ್ಕೈ-ಬ್ಲೂ', ಕ್ಷೌರದ ಕತ್ತಿಯಂತೆ ಹರಿತ 'ರೇಜರ್-ಶಾರ್ಪ್', ಮೂಳೆಯಂತೆ ಒಣಗಿದ 'ಬೋನ್-ಡ್ರೈ'. ನಡುವೆ 'ಅಂತೆ' ಹಾಕಿ ಅರ್ಥವಾದರೆ ಕಣ್ಣುಮುಚ್ಚಿ ಉತ್ತರಪದಕ್ಕೆ ಶೇಂಗಾ ಇಡಿ: ˌಸ್ನೋ-ˈವೈಟ್, ˌರೇ·ಜರ್-ˈಶಾರ್ಪ್, ˌಬೋನ್-ˈಡ್ರೈ.

ಮೂರನೆಯದು ಕ್ರಿಯಾಸಮಾಸವನ್ನು ಹೋಲುವುದು. ಕೈಯನ್ನು ಮುಗಿ ಎಂಬುದು ಕೈಮುಗಿ ಆಗುವಂತೆ, ಪೂರ್ವಪದ ಕರ್ಮ, ಉತ್ತರಪದ ಅದರ ಮೇಲೆ ನಡೆಯುವ ಕ್ರಿಯೆ. ಹೃದಯವನ್ನು ಒಡೆಯುವ 'ಹಾರ್ಟ್‌ಬ್ರೇಕಿಂಗ್', ಸಮಯವನ್ನು ತಿನ್ನುವ 'ಟೈಮ್-ಕನ್ಸ್ಯೂಮಿಂಗ್', ದಾಖಲೆಯನ್ನು ಮುರಿಯುವ 'ರೆಕಾರ್ಡ್-ಬ್ರೇಕಿಂಗ್', ಕನ್ನಡವನ್ನಾಡುವ 'ಕನ್ನಡ-ಸ್ಪೀಕಿಂಗ್'. ನಡುವೆ 'ಅನ್ನು' ಪ್ರತ್ಯಯ ಹೊಂದಿತೆಂದರೆ ಶೇಂಗಾ ಪೂರ್ವಪದಕ್ಕೆ ಜಿಗಿಯುತ್ತದೆ: ˈಹಾರ್ಟ್-ˌಬ್ರೇ·ಕಿಂಗ್, ˈಟೈಮ್-ಕನ್·ˌಸ್ಯೂ·ಮಿಂಗ್, ˈರೆ·ಕಾರ್ಡ್-ˌಬ್ರೇ·ಕಿಂಗ್. ಇದೂ ನಂಬಿಕಸ್ಥ ಗುಂಪು.

ನಾಲ್ಕನೆಯದು ತತ್ಪುರುಷ: ಇಂದ, ಗೆ, ಅಲ್ಲಿ, ದೆಸೆಯಿಂದ ಎಂಬ ವಿಭಕ್ತಿಗಳು ಅಡಗಿರುವಂಥವು. ಬರದಿಂದ ಕಂಗೆಟ್ಟ ˈಡ್ರೌಟ್-ˌಸ್ಟ್ರಿ·ಕನ್, ನೀರಿಗೆ ಜಗ್ಗದ ˈವಾ·ಟರ್-ಪ್ರೂಫ್, ಮನೆಯ ನೆನಪಿನಿಂದ ನೊಂದ ˈಹೋಮ್-ಸಿಕ್, ಬಣ್ಣಗಳಿಗೆ ಕುರುಡಾದ ˈಕ·ಲರ್-ಬ್ಲೈಂಡ್, ನಂಬಿಕೆಗೆ ಅರ್ಹವಾದ ˈಟ್ರಸ್ಟ್-ˌವರ್·ದಿ. ಇವುಗಳಲ್ಲಿಯೂ ಸಾಮಾನ್ಯವಾಗಿ ಪೂರ್ವಪದವೇ ಗೆಲ್ಲುತ್ತದೆ. ಆದರೆ ಈ ಗುಂಪನ್ನು ಪೂರ್ತಿ ನಂಬಬೇಡಿ. ತಕರಾರುಗಳೆಲ್ಲ ಹುಟ್ಟುವುದು ಇಲ್ಲಿಯೇ.

'ಐಸ್-ಕೋಲ್ಡ್' ಮತ್ತು 'ಏರ್-ಟೈಟ್' ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡರಲ್ಲಿಯೂ ನಾಮಪದದ ಹಿಂದೆ ಗುಣವಾಚಕ, ಎರಡೂ ಎರಡೇ ಕಾಳು, ಹೊರಗಿನಿಂದ ಅವಳಿಜವಳಿ. ಆದರೂ ˌಐಸ್-ˈಕೋಲ್ಡ್, ˈಏರ್-ಟೈಟ್. ಏಕೆಂದರೆ ಒಂದು ಮಂಜುಗಡ್ಡೆಯಂತೆ ತಣ್ಣಗಿದೆ, ಇನ್ನೊಂದು ಗಾಳಿಯಂತೆ ಬಿಗಿಯಾಗಿಲ್ಲ, ಗಾಳಿಗೆ ಬಿಗಿಯಾಗಿದೆ. ವ್ಯಾಕರಣ ಪುಸ್ತಕಗಳು ಇವೆರಡನ್ನೂ ನಾಮಪದ ಮತ್ತು ಗುಣವಾಚಕ ಎಂಬ ಒಂದೇ ಪೆಟ್ಟಿಗೆಗೆ ಹಾಕಿಬಿಡುವುದು ನನಗೆ ಒಪ್ಪಿಗೆಯಿಲ್ಲ. ವಿಗ್ರಹವಾಕ್ಯ ಮಾಡಿದರೆ ವ್ಯತ್ಯಾಸ ತಾನಾಗಿ ಹೊರಬೀಳುತ್ತದೆ.

ಸಮಾಸಕ್ಕೂ ದನಿಯ ಏರಿಳಿತಕ್ಕೂ ಗಂಟು ಹಾಕಿದವನು ನಾನಲ್ಲ. ವೇದದ ಕಾಲದ ಇಂದ್ರಶತ್ರುವಿನ ಕಥೆ ಕೇಳಿರುತ್ತೀರಿ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ತ್ವಷ್ಟೃ ಹೋಮ ಮಾಡಿದ. ಆ ಅರ್ಥ ಬರಬೇಕಾದರೆ 'ಇಂದ್ರಶತ್ರು' ತತ್ಪುರುಷವಾಗಿ ಕೊನೆಯಲ್ಲಿ ಉದಾತ್ತ, ಅಂದರೆ ಏರುದನಿ, ಬೀಳಬೇಕಿತ್ತು. ಏರುದನಿ ಪೂರ್ವಪದದ ಮೇಲೆ ಬಿತ್ತು, ಪದ ಬಹುವ್ರೀಹಿಯಾಯಿತು, ಇಂದ್ರನೇ ಯಾರನ್ನು ಕೊಲ್ಲುವನೋ ಅವನು ಎಂಬ ಅರ್ಥ ಬಂತು. ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಪತಂಜಲಿ ತನ್ನ ಮಹಾಭಾಷ್ಯದಲ್ಲಿ ವ್ಯಾಕರಣ ಏಕೆ ಓದಬೇಕು ಎನ್ನುವಾಗ ಇದನ್ನೇ ಎತ್ತುತ್ತಾನೆ. ಸಂಸ್ಕೃತದಲ್ಲಿ ಸಾಮಾನ್ಯವಾಗಿ ಬಹುವ್ರೀಹಿಗೆ ಪೂರ್ವಪದದಲ್ಲಿ ಏರುದನಿ, ತತ್ಪುರುಷಕ್ಕೆ ಕೊನೆಯಲ್ಲಿ. ಇಂಗ್ಲಿಷಿನಲ್ಲಿ ಅದು ತಲೆಕೆಳಗು. ಸಂಸ್ಕೃತ ಬಲ್ಲ ವಿದ್ಯಾರ್ಥಿಗಳಿಗೆ ಇದನ್ನು ಎರಡೆರಡು ಸಲ ಹೇಳಬೇಕಾಗುತ್ತದೆ.

ಹೆಜ್ಜೆ 6: ಹಠಮಾರಿಗಳು

'ಮೇಡ್' ಎಂದು ಮುಗಿಯುವ ಪದಗಳು ತತ್ಪುರುಷದ ಮಾತನ್ನು ಕೇಳುವುದಿಲ್ಲ. ಮನೆಯಲ್ಲಿ ಮಾಡಿದ, ಕೈಯಿಂದ ಮಾಡಿದ, ಮನುಷ್ಯರು ಮಾಡಿದ ಎಂದು ವಿಭಕ್ತಿ ಇದ್ದರೂ ಶೇಂಗಾ ಉತ್ತರಪದಕ್ಕೇ: ˌಹೋಮ್-ˈಮೇಡ್, ˌಹ್ಯಾಂಡ್-ˈಮೇಡ್, ˌಮ್ಯಾನ್-ˈಮೇಡ್. 'ಫ್ರೀ' ಇನ್ನೂ ಮೊಂಡ. ˌಡ್ಯೂ·ಟಿ-ˈಫ್ರೀ, ˌಶು·ಗರ್-ˈಫ್ರೀ ಎನ್ನುತ್ತದೆ. ಆದರೆ ಚಿಂತೆಯಿಲ್ಲದ ಎಂಬರ್ಥದ ಹಳೆಯ ಪದ ˈಕೇರ್-ಫ್ರೀ. ಅದು ಬಹುಕಾಲದಿಂದ ಒಂದೇ ಪದವಾಗಿ ಬೆಸೆದುಹೋಗಿದೆ, ಬರೆಯುವಾಗಲೂ ನಡುವೆ ಅಡ್ಡಗೆರೆ ಇಲ್ಲ. 'ಯೂಸರ್-ಫ್ರೆಂಡ್ಲಿ' ಕೂಡ ಉತ್ತರಪದವನ್ನೇ ಒತ್ತುವ ಪದ. ಇಂಥವು ಇನ್ನೂ ಇವೆ; ಪಟ್ಟಿ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿ, ನಿಯಮ ಹುಡುಕುತ್ತ ಕೂರಬೇಡಿ. ಬ್ರಿಟಿಷ್ ಮತ್ತು ಅಮೆರಿಕನ್ ನಿಘಂಟುಗಳು ಭಿನ್ನವಾಗಿ ಹೇಳಿದರೆ ಯಾವುದಾದರೂ ಒಂದನ್ನು ಹಿಡಿದು ನಡೆಯಿರಿ.

ಹೆಜ್ಜೆ 7: ನಾಮಪದದ ಮುಂದೆ ನಿಲ್ಲಿಸಿದಾಗ

ಇಲ್ಲಿಯವರೆಗೆ ಹೇಳಿದ್ದು ಪದ ಒಂಟಿಯಾಗಿದ್ದಾಗ ಅಥವಾ ವಾಕ್ಯದ ಕೊನೆಗೆ ಬಂದಾಗ. ಅದನ್ನೇ ಒಂದು ನಾಮಪದದ ಮುಂದೆ ನಿಲ್ಲಿಸಿ, ಕಾಳುಗಳು ಜಾಗ ಬದಲಿಸುತ್ತವೆ.

'ಹರ್ ಸಾಂಗ್ಸ್ ಆರ್ ವೆಲ್-ನೋನ್' ಎಂದಾಗ ˌವೆಲ್-ˈನೋನ್. ಆದರೆ 'ಅ ವೆಲ್-ನೋನ್ ಸಿಂಗರ್' ಎಂದಾಗ 'ನೋನ್' ತನ್ನ ಶೇಂಗಾ ಕಳೆದುಕೊಂಡು ತಗ್ಗುತ್ತದೆ, 'ವೆಲ್' ಮೇಲೇಳುತ್ತದೆ, ಮುಖ್ಯ ಒತ್ತು 'ಸಿಂಗರ್'ನ ಮೊದಲ ಕಾಳಿಗೆ ಹೋಗುತ್ತದೆ: ˈವೆಲ್-ನೋನ್ ˈಸಿಂ·ಗರ್. ಕಾರಣ ಲಯ. 'ನೋನ್' ಮತ್ತು 'ಸಿಂ' ಎರಡೂ ಒತ್ತು ಹೊತ್ತು ಅಕ್ಕಪಕ್ಕ ನಿಂತರೆ ಡಿಕ್ಕಿಯಾಗುತ್ತದೆ. ಇಂಗ್ಲಿಷಿಗೆ ಎರಡು ಏಟುಗಳ ನಡುವೆ ಉಸಿರಾಡಲು ಜಾಗ ಬೇಕು. ಹಲಗೆ ಬಾರಿಸುವವರು ಏಟು ಮತ್ತು ಏಟಿನ ನಡುವೆ ಬಿಡುವು ಕಾಯುವ ಹಾಗೆ.

'ದ ಬಸ್ ವಾಸ್ ˌಓ·ವರ್·ˈಕ್ರೌ·ಡಿಡ್', ಆದರೆ 'ಆ್ಯನ್ ˈಓ·ವರ್·ಕ್ರೌ·ಡಿಡ್ ˈಬಸ್'. 'ದ ಬೈಕ್ ಈಸ್ ˌಸೆ·ಕಂಡ್-ˈಹ್ಯಾಂಡ್', ಆದರೆ 'ಅ ˈಸೆ·ಕಂಡ್-ಹ್ಯಾಂಡ್ ˈಬೈಕ್'. ಕೆಲವು ನಿಘಂಟುಗಳಲ್ಲಿ ಇಂಥ ಪದಗಳ ಪಕ್ಕ ಎಡಕ್ಕೆ ಮುಖ ಮಾಡಿದ ಪುಟ್ಟ ತ್ರಿಕೋನ ಇರುತ್ತದೆ. ಅದನ್ನು ಅಚ್ಚಿನ ಕಲೆ ಎಂದುಕೊಂಡು ನಾನು ಎರಡು ವರ್ಷ ದಾಟಿಹೋಗಿದ್ದೆ. ನಾಮಪದದ ಮುಂದೆ ಬಂದರೆ ಒತ್ತು ಎಡಕ್ಕೆ ಸರಿಯುತ್ತದೆ ಎಂಬುದು ಅದರ ಅರ್ಥ.

ಮೊದಲೇ ಪೂರ್ವಪದದಲ್ಲಿ ಶೇಂಗಾ ಇದ್ದವು ಕದಲುವುದಿಲ್ಲ, ಕದಲಬೇಕಾದ ಕಾರಣವೂ ಇಲ್ಲ. 'ಹಿ ಈಸ್ ˈಹೋಮ್-ಸಿಕ್', 'ಅ ˈಹೋಮ್-ಸಿಕ್ ˈಬಾಯ್'.

ಈಗ ನನ್ನ ಆಟೋ ಪ್ರಕರಣ. ಫಿಫ್ಟೀನ್ ಒಂಟಿಯಾಗಿದ್ದಾಗ ಒತ್ತು ಕೊನೆಗೆ, ಫಿಫ್·ˈಟೀನ್. ಫಿಫ್ಟಿಗೆ ಮೊದಲಿಗೆ, ˈಫಿಫ್·ಟಿ. ವ್ಯತ್ಯಾಸ ಸ್ಪಷ್ಟ. ಆದರೆ 'ಮಿನಿಟ್ ವಾಕ್' ಎಂಬುದರ ಮುಂದೆ ಬಂದ ಕೂಡಲೇ ಫಿಫ್ಟೀನ್ ಕೂಡ ಎಡಕ್ಕೆ ಸರಿದು ˈಫಿಫ್·ಟೀನ್ ಆಗುತ್ತದೆ. ಒತ್ತಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಉಳಿಯುವುದು ದೀರ್ಘ ಟೀ ಮತ್ತು ಅದರ ನಂತರದ ನಕಾರ, ಇವೆರಡೇ. ನಾನು ದೀರ್ಘವನ್ನು ಹ್ರಸ್ವ ಮಾಡಿದೆ, ನಕಾರ ಮುಂದಿನ ಮಕಾರದಲ್ಲಿ ಕರಗಿತು. ಹೀಗಾಗಿ ಇಂಥ ಸಂಖ್ಯೆಗಳಲ್ಲಿ ಒತ್ತನ್ನು ಮುಂದಕ್ಕೆ ತಂದ ಮೇಲೆಯೂ ಹಿಂದಿನ ದೀರ್ಘವನ್ನು ಕೊಲ್ಲಬೇಡಿ. ಅನುಮಾನವಿದ್ದರೆ 'ಒನ್ ಫೈವ್' ಎಂದು ಬಿಡಿಸಿ ಹೇಳಿಬಿಡಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಅಂದಹಾಗೆ ಇಲ್ಲಿ 'ಮಿನಿಟ್ಸ್' ಅಲ್ಲ, 'ಮಿನಿಟ್'. ಸಂಖ್ಯೆ ಸೇರಿ ವಿಶೇಷಣವಾದಾಗ ಬಹುವಚನದ ಬಾಲ ಉದುರುತ್ತದೆ.

ಮೂರ್ನಾಲ್ಕು ಪದಗಳ ಸರಪಳಿಗಳಿಗೂ ಇದೇ ನ್ಯಾಯ. ˌಅಪ್-ಟು-ˈಡೇಟ್, ˌಫೇಸ್-ಟು-ˈಫೇಸ್: ನಡುವಿನ 'ಟು' ಯಾವಾಗಲೂ ಸಾಸಿವೆ, ಬಹುತೇಕ 'ಟ' ಎಂದಷ್ಟೇ ಕೇಳುತ್ತದೆ. ನಾಮಪದದ ಮುಂದೆ ಬಂದರೆ ˈಅಪ್-ಟು-ಡೇಟ್ ˈನ್ಯೂಸ್.

ಹೆಜ್ಜೆ 8: ತಟ್ಟೆಯಿಂದ ಬಾಯಿಗೆ

ಕಾಳು ಜೋಡಿಸಿಟ್ಟ ಮೇಲೆ ಮೊದಲು ಪದಗಳನ್ನು ಬಿಟ್ಟು ಬರೀ 'ಡಾ' ಮತ್ತು 'ಡ' ಎಂದು ನುಡಿಯಿರಿ. 'ಆ್ಯಬ್ಸೆಂಟ್-ಮೈಂಡೆಡ್' ಎಂದರೆ ಡಾ-ಡ-ಡಾ-ಡ, ಎರಡನೆಯ ಡಾ ದೊಡ್ಡದು. ಲಯ ಕೂತ ಮೇಲೆ ಪದ ತುಂಬಿ. ಅನಂತರ ಮೊಬೈಲ್‌ನಲ್ಲಿ ಧ್ವನಿಮುದ್ರಣ ಮಾಡಿ, ಮರುದಿನ ಬೆಳಿಗ್ಗೆ ಕೇಳಿ. ಅದೇ ದಿನ ಕೇಳಿದರೆ ಕಿವಿ ನಮ್ಮ ಪರ ವಹಿಸುತ್ತದೆ. ಶೇಂಗಾ ಎಲ್ಲಿದೆ ಎಂದು ನಿಮಗೆ ಗೊತ್ತಿರುವುದು ಬೇರೆ, ಕೇಳುವವರಿಗೆ ಗೊತ್ತಾಗುವುದು ಬೇರೆ. ಮನೆಯವರೊಬ್ಬರನ್ನು ಕೂರಿಸಿ, ಯಾವ ಅಕ್ಷರ ದಪ್ಪ ಕೇಳಿತು ಎಂದು ಕೇಳಿ ನೋಡಿ. ಅವರಿಗೆ ಇಂಗ್ಲಿಷ್ ಬರದಿದ್ದರೆ ಇನ್ನೂ ಒಳ್ಳೆಯದು.

ನನ್ನ ಅನುಭವದಲ್ಲಿ ಹೆಚ್ಚಿನವರು ಶೇಂಗಾವನ್ನು ಚೆನ್ನಾಗಿಯೇ ಹಾಕುತ್ತಾರೆ. ಸಾಸಿವೆ ಹಾಕಲು ಮನಸ್ಸು ಬರುವುದಿಲ್ಲ. ಅಕ್ಷರವನ್ನು ನುಂಗಿದರೆ ತಪ್ಪು ಎಂದು ಚಿಕ್ಕಂದಿನಿಂದ ಹೇಳಿಸಿಕೊಂಡು ಬೆಳೆದವರು ನಾವು. ಒತ್ತದ ಕಡೆ ನುಂಗದೆ ಹೋದರೆ ಒತ್ತಿದ್ದು ಕೇಳಿಸುವುದಿಲ್ಲ.

ಅಭ್ಯಾಸಕ್ಕೆ ಐದು ವಾಕ್ಯ

ಕೆಳಗಿನವುಗಳಿಗೆ ಮೊದಲು ನೀವೇ ಕಾಳು ಇಟ್ಟು, ಆಮೇಲೆ ಉತ್ತರ ನೋಡಿ.

ಇಟ್ ಈಸ್ ಅ ಫೋರ್ಟೀನ್ತ್-ಸೆಂಚುರಿ ಮಾಸ್ಕ್. ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿಯ ಬಗ್ಗೆ. 1367ರಲ್ಲಿ ಕಟ್ಟಿದ್ದು, ಬಯಲು ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳ ಅಡಿಯಲ್ಲಿರುವುದು ಅದರ ವಿಶೇಷ. ಬೆನ್ನಿಗೇ ನಾಮಪದ ಬರುವುದರಿಂದ ˈಫೋರ್·ಟೀನ್ತ್-ˌಸೆಂ·ಚು·ರಿ ˈಮಾಸ್ಕ್.

ದ ಪಿಕಲ್ ಈಸ್ ಹೋಮ್-ಮೇಡ್ ಆ್ಯಂಡ್ ಮೌತ್-ವಾಟರಿಂಗ್. ಮೊದಲನೆಯದು ಹಠಮಾರಿ, ˌಹೋಮ್-ˈಮೇಡ್, ಇಮ್ಮಡಿ ಮಕಾರದೊಂದಿಗೆ. ಎರಡನೆಯದು ಬಾಯಿ ನೀರೂರಿಸುವಂಥದ್ದು, ˈಮೌತ್-ˌವಾ·ಟ·ರಿಂಗ್.

ವಿ ನೀಡ್ ಆ್ಯನ್ ಏರ್-ಕಂಡಿಷನ್ಡ್ ಕೋಚ್. ಮೇ ತಿಂಗಳಲ್ಲಿ ಈ ಊರಿನಿಂದ ಹೊರಡುವ ಯಾರಿಗಾದರೂ ಬೇಕಾಗುವ ವಾಕ್ಯ. ˈಏರ್-ಕನ್·ˌಡಿ·ಷನ್ಡ್, ನಾಲ್ಕೇ ಕಾಳು. ಶೇಂಗಾ ಮೊದಲೇ ಮುಂದಿದೆ, ಕದಲುವುದಿಲ್ಲ.

ಮೈ ಗ್ರ್ಯಾಂಡ್‌ಫಾದರ್ ವಾಸ್ ಅ ಗುಡ್-ನೇಚರ್ಡ್ ಮ್ಯಾನ್. ಒಂಟಿಯಾಗಿ ˌಗುಡ್-ˈನೇ·ಚರ್ಡ್, ಇಲ್ಲಿ ˈಗುಡ್-ನೇ·ಚರ್ಡ್ ˈಮ್ಯಾನ್.

ಕೊನೆಯದು, ಭೀಮಾ ನದಿಯ ದಡದ ಒಬ್ಬ ವಿದ್ಯಾರ್ಥಿ ತರಗತಿಯಲ್ಲಿ ಹೇಳಿದ್ದು: ಐ ಸಾ ಅ ಮ್ಯಾನ್ ಈಟಿಂಗ್ ಫಿಶ್. ಮೀನು ತಿನ್ನುತ್ತಿದ್ದ ಮನುಷ್ಯನನ್ನು ಕಂಡೆ ಎಂಬುದು ಅವನ ಮನಸ್ಸಿನಲ್ಲಿತ್ತು; ಆಗ 'ಈಟಿಂಗ್' ತನ್ನ ಒತ್ತನ್ನು ಉಳಿಸಿಕೊಂಡು ˈಮ್ಯಾನ್ ˈಈ·ಟಿಂಗ್ ˈಫಿಶ್ ಎಂದು ಮೂರು ಏಟು ಬೀಳಬೇಕು. ಅವನು 'ಈಟಿಂಗ್' ಅನ್ನು ತಗ್ಗಿಸಿ ˈಮ್ಯಾನ್-ಈ·ಟಿಂಗ್ ˈಫಿಶ್ ಎಂದ. ವಿಗ್ರಹವಾಕ್ಯ ನೀವೇ ಮಾಡಿ: ಮನುಷ್ಯರನ್ನು ತಿನ್ನುವ. ಹಿಂದಿನ ಬೆಂಚಿನವರು ಭೀಮೆಗೆ ಈಜಲು ಹೋಗುವುದನ್ನು ಎರಡು ವಾರ ಮುಂದೂಡಿದರು.